ಫೈಬರ್ ಕೇಬಲ್ಲಿನಿಂದಲೂ ಶಾಕ್ ಹೊಡೆಯುತ್ತದೆ: ಹೊರಗೋಡೆಯ ಬಾಕ್ಸ್ ನೋಡಿಕೊಳ್ಳಿ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಗೆ ಫೈಬರ್ ಇಂಟರ್‌ನೆಟ್ ಹಾಕಿಸಿಕೊಂಡವರು ಒಮ್ಮೆ ಹೊರಗೋಡೆಯ ಜಂಕ್ಷನ್ ಬಾಕ್ಸ್ ನೋಡಿ ಬನ್ನಿ. ಕೈ ಹಾಕಬೇಡಿ, ದೂರದಿಂದಲೇ ನೋಡಿ. ವಿದ್ಯುತ್ ತಂತಿಯ ಬಾಕ್ಸಿನೊಳಕ್ಕೇ ಫೈಬರ್ ಕೇಬಲ್ಲೂ ಹೊಕ್ಕಿದ್ದರೆ ಈ ಬರಹ ನಿಮಗಾಗಿಯೇ.

ಉಣಕಲ್ ಕಡೆಯ ನಮ್ಮ ಮನೆಯಲ್ಲಿ ಸಂಪಿನ ಮೋಟಾರಿಗೆ ಹೋಗುವ ಲೈನಿನ ಜಾಯಿಂಟ್ ಹಿಂದಿನ ಗೋಡೆಯ ಪ್ಲಾಸ್ಟಿಕ್ ಬಾಕ್ಸಿನಲ್ಲಿದೆ. ಫೈಬರ್ ಹಾಕಲು ಬಂದ ಹುಡುಗ ತನ್ನದೇ ಬಾಕ್ಸ್ ತಂದಿರಲಿಲ್ಲ. ಇದ್ದ ಬಾಕ್ಸಿನ ನೆತ್ತಿಗೆ ಡ್ರಿಲ್ ಹಿಡಿದು, ಕೇಬಲ್ ಇಳಿಸಿ, ಸುತ್ತ ಎಂ-ಸೀಲ್ ಮೆತ್ತಿದ. ಮನೆಯಲ್ಲಿದ್ದ ಅಪ್ಪ ಕೇಳಿದ್ದಕ್ಕೆ, "ಏನೂ ಆಗುವುದಿಲ್ಲ ಬಿಡಿ ಕಾಕಾ, ಫೈಬರ್ ಅಂದರೆ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ" ಎಂದನಂತೆ.

ಗಾಜಿನಲ್ಲಿ ಹರಿಯುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಕಪ್ಪು ಕೇಬಲ್ಲಿನಲ್ಲಿ ಗಾಜಿನ ಎಳೆಯ ಜೊತೆಗೆ, ಜೋತು ಬೀಳದಂತೆ ಭಾರ ಹೊರಲು, ಸಾಮಾನ್ಯವಾಗಿ ಉಕ್ಕಿನ ತಂತಿಯೂ ಇರುತ್ತದೆ. ಆತ ಆ ತಂತಿಯನ್ನು ಸುಲಿದು ಮಾಳಿಗೆಯ ಕಬ್ಬಿಣದ ಕಟಕಟೆಗೆ ಬಿಗಿದಿದ್ದ. ಉಳಿದ ತುದಿಯನ್ನು ಕತ್ತರಿಸದೆ ಬಾಕ್ಸಿನೊಳಕ್ಕೆ ತುರುಕಿದ್ದ.

ಆಷಾಢದ ಜಿಟಿಜಿಟಿ ಮಳೆ ಹಿಡಿದಾಗ, ಮಾಳಿಗೆಯಲ್ಲಿ ಬಟ್ಟೆ ತೆಗೆಯಲು ಹೋದ ಅವ್ವನಿಗೆ ಕಟಕಟೆ ಮುಟ್ಟಿದೊಡನೆ ಕೈ ಜುಮ್ಮೆಂದಿತು. ಮರುದಿನ ಮೊಣಕೈವರೆಗೆ ಹೊಡೆಯಿತು. ಟೆಸ್ಟರ್ ಇಟ್ಟು ನೋಡಿದರೆ ಮಾಳಿಗೆಯುದ್ದಕ್ಕೂ ಎಲ್ಲಿ ಮುಟ್ಟಿಸಿದರೂ ಬೆಳಕು! ಮೇನ್ ಆಫ್ ಮಾಡಿ, ಲೈಸೆನ್ಸ್ ಇರುವ ವೈರ್‌ಮನ್‌ರನ್ನು ಕರೆಸಿದೆವು.

ಅವರು ಮುಚ್ಚಳ ತೆಗೆದಾಗ ತಳದಲ್ಲಿ ಬೆರಳು ಅದ್ದುವಷ್ಟು ನೀರು ನಿಂತಿತ್ತು, ಮೂಲೆಯಲ್ಲಿ ಇರುವೆ ಕೂಡಿಟ್ಟ ಮಣ್ಣು. ಫೇಸ್ ತಂತಿಗಳನ್ನು ಬರೀ ಹೊಸೆದು ಸುತ್ತಿದ್ದ ಕಪ್ಪು ಟೇಪು ಅಂಟು ಬಿಟ್ಟು ಜೋತು ಬಿದ್ದಿತ್ತು, ಒಳಗಿನ ತಾಮ್ರ ಹಸಿರುಗಟ್ಟಿತ್ತು. ಅದಕ್ಕೆ ತಗುಲಿಕೊಂಡೇ ಉಕ್ಕಿನ ತಂತಿಯ ತುದಿ, ಅದರ ಮೇಲೆ ಸುಟ್ಟ ಕಪ್ಪು ಚುಕ್ಕೆ. ಎಂ-ಸೀಲ್ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಬಾಕ್ಸಿನ ಮೇಲಿನ 'ಐಪಿ 65' ಸ್ಟಿಕ್ಕರಿಗೆ ಮಾತ್ರ ಏನೂ ಆಗಿರಲಿಲ್ಲ.

ಆ ಅಂಕಿಗಳಲ್ಲಿ 6 ಎಂದರೆ ದೂಳು ಒಳಹೋಗದು, 5 ಎಂದರೆ ಪೈಪಿನಿಂದ ನೀರು ಚಿಮ್ಮಿಸಿದರೂ ತಡೆದೀತು ಎಂದು. ನೆತ್ತಿಯ ಮೇಲೆ ತೂತು ಬಿದ್ದ ಕ್ಷಣವೇ ಎರಡೂ ರದ್ದು. ಹುಬ್ಬಳ್ಳಿಯ ದಾಜಿಬಾನಪೇಟೆಯ ಅಂಗಡಿಗಳಲ್ಲಿ ಎಷ್ಟೇ ದುಬಾರಿ ಬಾಕ್ಸ್ ಕೊಂಡರೂ ಕೇಬಲ್ ತಳದಿಂದಲೇ ಹೋಗಬೇಕು, ಕೇಬಲ್ಲಿನ ದಪ್ಪಕ್ಕೆ ಸರಿಹೊಂದುವ ಗ್ಲ್ಯಾಂಡ್ (ಕೇಬಲ್ಲನ್ನು ಸುತ್ತಲೂ ಹಿಡಿದು ನೀರು ತಡೆಯುವ ತಿರುಪಿನ ಬಿರಡೆ) ಹಾಕಿ ಬಿಗಿಯಬೇಕು. ಒಳಹೋಗುವ ಮುನ್ನ ಕೇಬಲ್ ಸ್ವಲ್ಪ ಕೆಳಗೆ ಬಾಗಿ ಮೇಲೇರಿದರೆ ಅದರ ಮೇಲೆ ಹರಿದುಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಇಷ್ಟಾದರೂ ತಾನೇ ಕರೆಂಟ್ ಕಡಿಯುವ ಸ್ವಿಚ್ಚಾದ ಎಂಸಿಬಿ ಏಕೆ ಬೀಳಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಎಂಸಿಬಿ ಬೀಳುವುದು ಲೋಡ್ ಮಿತಿ ಮೀರಿದಾಗ ಅಥವಾ ಶಾರ್ಟ್ ಆದಾಗ. ಮನುಷ್ಯನ ಮೈಯಲ್ಲಿ ಹಾದು ನೆಲಕ್ಕಿಳಿಯುವ ಹತ್ತಾರು ಮಿಲಿಆಂಪಿಯರ್ ಅದರ ಲೆಕ್ಕಕ್ಕೇ ಇಲ್ಲ, ಆದರೆ ಜೀವ ತೆಗೆಯಲು ಅಷ್ಟೇ ಸಾಕು. ಆ ಸೋರಿಕೆ ಹಿಡಿದು ತಾನೇ ಆಫ್ ಆಗುವ ಸ್ವಿಚ್ಚೆಂದರೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ನಮ್ಮಲ್ಲಿ ಅದೂ ಇತ್ತು. ಆದರೆ ಮಳೆಗಾಲದಲ್ಲಿ ಮೋಟಾರಿನಿಂದ ಪದೇ ಪದೇ ಬೀಳುತ್ತದೆ ಎಂದು ಹಿಂದಿನ ವೈರ್‌ಮನ್ ಯಾರೋ ಮೋಟಾರ್ ಲೈನನ್ನು ಅದರ ಮೂಲಕ ಹಾಯಿಸದೆ, ಅದಕ್ಕೂ ಮೊದಲೇ ಬೇರೆಯಾಗಿ ಎಳೆದುಬಿಟ್ಟಿದ್ದರು! ಪದೇ ಪದೇ ಬೀಳುವ ಆರ್‌ಸಿಸಿಬಿ ದೂರು ಹೇಳುತ್ತಿರುತ್ತದೆ, ಅದರ ಬಾಯಿ ಮುಚ್ಚಿಸುವವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಅದರ ಮೇಲೆ 'ಟಿ' ಎಂಬ ಗುಂಡಿ ಇರುತ್ತದೆ, ಆಗಾಗ ಒತ್ತಿ ನೋಡಿ. ಆಫ್ ಆಗದಿದ್ದರೆ ಬದಲಿಸಬೇಕು.

ಈಗ ಜಾಯಿಂಟನ್ನು ಟೇಪಿನ ಬದಲು ತಂತಿಗಳನ್ನು ಸ್ಕ್ರೂನಿಂದ ಹಿಡಿಯುವ ಟರ್ಮಿನಲ್ ಬ್ಲಾಕಿನಲ್ಲಿ ಮಾಡಿದ್ದಾರೆ. ಎಳೆಎಳೆಯಾದ ತಂತಿಯ ತುದಿಗೆ ಲಗ್ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ಕೊಳವೆ) ಒತ್ತಿ, ಆಮೇಲೆ ಸ್ಕ್ರೂ ಬಿಗಿದರು. ಇಲ್ಲದಿದ್ದರೆ ಒಂದೆರಡು ಎಳೆ ಹೊರಗುಳಿಯುತ್ತವೆ, ಸಡಿಲಾದ ಜಾಗ ಕಾದು ಪ್ಲಾಸ್ಟಿಕ್ ಕರಗುತ್ತದೆ. ನಿಮ್ಮಲ್ಲಿ ಅಲ್ಯೂಮಿನಿಯಂ ತಂತಿ ಇದ್ದರೆ ತಾಮ್ರಕ್ಕೆ ನೇರವಾಗಿ ಹೊಸೆಯಲು ಬಿಡಬೇಡಿ. ತೇವ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಎರಡು ಲೋಹಗಳಿಗೆಂದೇ ಮಾಡಿದ ಲಗ್ ಸಿಗುತ್ತದೆ.

ಫೈಬರಿಗೆ ಬೇರೆಯೇ ಬಾಕ್ಸ್ ಹಾಕಿಸಿ, ವಿದ್ಯುತ್ ಬಾಕ್ಸಿನಿಂದ ದೂರದಲ್ಲಿ. ಉಕ್ಕಿನ ತಂತಿಯನ್ನು ಗೋಡೆಯ ಕೊಕ್ಕೆಗೆ ಕಟ್ಟಿ ಅಲ್ಲಿಗೇ ಕತ್ತರಿಸಲಿ, ಕಟಕಟೆಗಾಗಲಿ ಗೇಟಿಗಾಗಲಿ ಬೇಡ. ಒಳಗೆ ಎಳೆಯನ್ನು ಅಗಲವಾಗಿ ಸುತ್ತಿಡಬೇಕು, ಮಡಚಿದರೆ ಸಿಗ್ನಲ್ ಸೋರುತ್ತದೆ. ಹಸಿರು ಕನೆಕ್ಟರಿನ ತುದಿ 8 ಡಿಗ್ರಿ ಓರೆ, ನೀಲಿಯದು ಓರೆಯಿಲ್ಲದ್ದು. ಒಂದಕ್ಕೊಂದು ತುರುಕಿದರೆ ಸಿಗ್ನಲ್ ಕುಂದುತ್ತದೆ, ತುದಿಯೂ ಕೆಡಬಹುದು. ಕನೆಕ್ಟರಿನೊಳಗೆ ಕಣ್ಣಿಟ್ಟು ಇಣುಕಬೇಡಿ, ಅದರ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ.

ಕಟಕಟೆ, ಗೇಟು, ನಲ್ಲಿ ಎಲ್ಲಿಯಾದರೂ ಸಣ್ಣಗೆ ಜುಮ್ಮೆಂದರೂ ಎಲ್ಲರನ್ನೂ ಅದರಿಂದ ದೂರವಿರಿಸಿ, ಒಣ ನೆಲದಲ್ಲಿ ನಿಂತು ಮೇನ್ ಆಫ್ ಮಾಡಿ. ಬಾಕ್ಸ್ ನೀವೇ ಬಿಚ್ಚಬೇಡಿ. ಮೇನ್ ಆಫ್ ಮಾಡಿದ ಮೇಲೂ ಟೆಸ್ಟರ್ ಬೆಳಗಿದರೆ ಕರೆಂಟು ಹೊರಗಿನಿಂದ ಬರುತ್ತಿರಬಹುದು. ಆಗ ವೈರ್‌ಮನ್‌ಗೆ ಕಾಯದೆ ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ.