ಸೇಲಂನ ಈಸ್ಟರ್ ಮುಂಜಾವಿನ ಆರಾಧನೆ: ಹೋಗುವವರು ಶನಿವಾರವೇ ಹೋಗಿ

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ವಿನ್‌ಸ್ಟನ್-ಸೇಲಂ ನಗರದಲ್ಲಿ ಮೊರಾವಿಯನ್ ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಪಂಗಡದ ಸಭೆಗಳು (ಚರ್ಚುಗಳು) ಒಟ್ಟಾಗಿ ನಡೆಸುವ ಈಸ್ಟರ್ ಮುಂಜಾವಿನ ಆರಾಧನೆಗೆ ಹೋಗಬೇಕೆಂದಿರುವವರು ಹಿಂದಿನ ದಿನ, ಅಂದರೆ ಶನಿವಾರವೇ, ಅಲ್ಲಿನ ‘ಗಾಡ್ಸ್ ಏಕರ್’ ಸಮಾಧಿ ಭೂಮಿಯನ್ನು ನೋಡಿ ಬರುವುದು ಒಳ್ಳೆಯದು. ಬೇರೆ ಬೇರೆ ಸಭೆಗಳ ಕುಟುಂಬಗಳು ಬಕೆಟ್ಟು, ಬ್ರಷ್ಷು ಹಿಡಿದು ಬಂದು ಸಮಾಧಿಗಳ ಕಲ್ಲುಗಳನ್ನು ಉಜ್ಜಿ ತೊಳೆದು ಹೂವಿಡುವ ಆ ಕೆಲಸವೇ ನನ್ನ ದೃಷ್ಟಿಯಲ್ಲಿ ಮರುದಿನದ ಪ್ರಾರ್ಥನೆಯ ಆರಂಭ. ನಮ್ಮ ಕರಾವಳಿಯ ಕಥೋಲಿಕರು ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ತೋರುವ ಶ್ರದ್ಧೆಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಗಾಡ್ಸ್ ಏಕರ್‌ನಲ್ಲಿ ಶ್ರೀಮಂತರ ಸಮಾಧಿಯೆಂದು ಎತ್ತರದ ಕಲ್ಲು ನಿಲ್ಲಿಸುವ ಪದ್ಧತಿಯಿಲ್ಲ. ಎಲ್ಲವೂ ನೆಲಕ್ಕೆ ಒರಗಿಸಿದ ಸರಳ ಬಿಳಿ ಕಲ್ಲುಗಳು. ಕುಟುಂಬದ ಲೆಕ್ಕದಲ್ಲಿ ಹೂಳುವುದೂ ಇಲ್ಲ. ವಿವಾಹಿತ ಪುರುಷರು, ವಿವಾಹಿತ ಸ್ತ್ರೀಯರು, ಅವಿವಾಹಿತರು, ಮಕ್ಕಳು ಎಂದು ಸಾಲುಗಳಿವೆ.

1732ರಲ್ಲಿ ಜರ್ಮನಿಯ ಹೆರ್ನ್‌ಹೂಟ್‌ನಲ್ಲಿ ಯುವಕರ ಗುಂಪೊಂದು ನಸುಕಿನಲ್ಲಿ ಸಮಾಧಿಗಳ ನಡುವೆ ನಿಂತು ಪುನರುತ್ಥಾನದ ಕೀರ್ತನೆಗಳನ್ನು ಹಾಡಿದ್ದು ಈ ಆರಾಧನೆಯ ಮೂಲ. ಸೇಲಂನಲ್ಲಿ ಅದು 1772ರಲ್ಲಿ ಆರಂಭವಾಯಿತು.

ಸಂಗೀತದ ಬಗ್ಗೆ ಎಷ್ಟು ಹೇಳಿದರೂ ಸಾಲದು. ಹಲವು ಸಭೆಗಳಿಂದ ಬಂದ, ಎಲ್ಲ ವಯಸ್ಸಿನ ವಾದಕರು ಹಿತ್ತಾಳೆಯ ವಾದ್ಯಗಳೊಂದಿಗೆ ತಂಡಗಳಾಗಿ ನಡುರಾತ್ರಿ ಕಳೆದ ಮೇಲೆ ಬೀದಿಬೀದಿಗೆ ಹೋಗಿ ಕೀರ್ತನೆ ನುಡಿಸುತ್ತಾ ಊರನ್ನು ಎಬ್ಬಿಸುತ್ತಾರೆ. ಕತ್ತಲಿರುವಾಗಲೇ ಜನರು 1800ರಲ್ಲಿ ಪ್ರತಿಷ್ಠಾಪಿತವಾದ ಹೋಮ್ ಮೊರಾವಿಯನ್ ಚರ್ಚಿನ ಮುಂದೆ ಸೇರುತ್ತಾರೆ. ಸಭಾಪಾಲಕರು “ಕರ್ತನು ಎದ್ದಿದ್ದಾನೆ” ಎಂದು ಸಾರಿದಾಗ “ನಿಜವಾಗಿಯೂ ಎದ್ದಿದ್ದಾನೆ” ಎಂದು ಇಡೀ ಸಮೂಹ ಉತ್ತರಿಸುತ್ತದೆ. ಅನಂತರ ಎಲ್ಲರೂ ಮಾತಿಲ್ಲದೆ ಸಮಾಧಿ ಭೂಮಿಯತ್ತ ನಡೆಯುವಾಗ, ಒಂದು ಮೂಲೆಯ ತಂಡ ನುಡಿಸಿದ ಸಾಲಿಗೆ ದೂರದ ಇನ್ನೊಂದು ತಂಡ ಮರುಸಾಲು ನುಡಿಸುತ್ತದೆ. ಒಂದೇ ಚರ್ಚಿನ ಗಾಯಕವೃಂದ ಎಷ್ಟೇ ನುರಿತದ್ದಾದರೂ ಈ ಅನುಭವವನ್ನು ಕೊಡಲಾರದು. ಸಭೆಗಳು ಒಂದಾಗಿ ವಾದಕರನ್ನು ಬೆಳೆಸಿಕೊಂಡು ಬಂದದ್ದರಿಂದಲೇ ಇದು ಸಾಧ್ಯವಾಗಿದೆ.

ಉದ್ದನೆಯ ಪ್ರವಚನವಿಲ್ಲ. ವಿಶ್ವಾಸಪ್ರಮಾಣವನ್ನು, ಅಂದರೆ ಸಭೆಯ ನಂಬಿಕೆಯ ಘೋಷಣೆಯನ್ನು, ಎಲ್ಲರೂ ಓದುತ್ತಾರೆ, ಹಾಡುತ್ತಾರೆ. ಕಳೆದ ಈಸ್ಟರ್‌ನಿಂದೀಚೆಗೆ ಕರ್ತನ ಸನ್ನಿಧಿಗೆ ಸೇರಿದ ಸಹೋದರ ಸಹೋದರಿಯರೊಂದಿಗೆ ನಮ್ಮ ಅನ್ಯೋನ್ಯತೆ ಶಾಶ್ವತವಾಗಿರಲಿ ಎಂಬ ಬಿನ್ನಹ ಅದರಲ್ಲಿದೆ. ಆ ವರ್ಷ ಯಾರನ್ನಾದರೂ ಕಳೆದುಕೊಂಡವರು, ಯಾವ ಸಭೆಗೆ ಸೇರಿದವರಾಗಿದ್ದರೂ, ಈ ಒಂದು ಸಾಲಿಗಾಗಿಯೇ ಇಲ್ಲಿಗೆ ಬರಬಹುದು.

ಆರಾಧನೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಪ್ರವೇಶ ಎಲ್ಲರಿಗೂ ಮುಕ್ತ. ಬಹುಪಾಲು ಜನ ನಿಂತೇ ಭಾಗವಹಿಸುವುದರಿಂದಲೂ ಬೆಳಗಿನ ಚಳಿ ಸಾಕಷ್ಟು ಇರಬಹುದಾದ್ದರಿಂದಲೂ ಹಿರಿಯರನ್ನು ಕರೆದೊಯ್ಯುವವರು ಬೆಚ್ಚನೆಯ ಉಡುಪನ್ನೂ ಮಡಚುವ ಕುರ್ಚಿಯನ್ನೂ ಜೊತೆಗೆ ಒಯ್ಯುವುದು ಲೇಸು.