ಕೊಟ್ಟ ಕೆಲಸ ಮರೆಯಲ್ಲ, ಹೊತ್ತು ಮಾತ್ರ ಕೇಳಬೇಡಿ: ವರ್ಕ್‌ಮ್ಯಾನೇಜರ್ ಜೊತೆ ಎರಡು ಮಳೆಗಾಲ

ಹೊಸನಗರದ ಕಡೆಯ ಒಂದು ಹಾಲಿನ ಡೈರಿಗೆ ನಾನು ಆಂಡ್ರಾಯ್ಡ್ ಆ್ಯಪ್ ಮಾಡಿಕೊಟ್ಟಿದ್ದೇನೆ. ಬೆಳಗಾದರೆ ಜನ ಕ್ಯಾನ್ ಹಿಡಿದು ಸಾಲು ನಿಲ್ಲುತ್ತಾರೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಬರೆದುಕೊಂಡು ಸರ್ವರ್‌ಗೆ ಕಳಿಸಬೇಕು. ಅಷ್ಟೇ ಕೆಲಸ. ಆದರೆ ಅಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಇಂಥ ಕಡೆ ವರ್ಕ್‌ಮ್ಯಾನೇಜರ್ ಅನ್ನುವ, ಆ್ಯಪಿನ ಹಿನ್ನೆಲೆ ಕೆಲಸ ನೋಡಿಕೊಳ್ಳುವ ಲೈಬ್ರರಿ (ಆ್ಯಪಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ಹೇಗೆ ನಡೆಯಿತು ಅಂತ ಹೇಳುತ್ತೇನೆ.

ಮೊದಲು ಎಲ್ಲ ನಾನೇ ಬರೆದಿದ್ದೆ. ನೆಟ್‌ವರ್ಕ್ ಇದೆಯಾ ಅಂತ ನೋಡು, ಇದ್ದರೆ ಕಳಿಸು. ಕೇಳೋಕೆ ಸರಿ ಅನ್ನಿಸುತ್ತದೆ ಅಲ್ವಾ? ಫೋನಿನಲ್ಲಿ ಎರಡು ಕಡ್ಡಿ ಕಾಣುತ್ತಿರುತ್ತದೆ, ಡಾಟಾ ಮಾತ್ರ ಒಂದು ಹನಿಯೂ ಹರಿಯುವುದಿಲ್ಲ. ಟವರ್ ಹಿಡಿದಿರುವುದು ಬೇರೆ, ಇಂಟರ್ನೆಟ್ ಸಿಗುವುದು ಬೇರೆ. ಆಂಡ್ರಾಯ್ಡ್ ತಾನೇ ಒಂದು ಸಣ್ಣ ರಿಕ್ವೆಸ್ಟ್ ಕಳಿಸಿ, ಉತ್ತರ ಬಂದರೆ ಮಾತ್ರ ಆ ನೆಟ್‌ವರ್ಕ್‌ಗೆ ‘ವ್ಯಾಲಿಡೇಟೆಡ್’ ಅಂತ ಗುರುತು ಹಾಕುತ್ತದೆ. ನಾನು ಅದನ್ನು ನೋಡದೆ ಕಡ್ಡಿ ನಂಬಿದ್ದೆ. ಇನ್ನು ನೆಟ್ ಬಂದಾಗ ಮಲಗಿರುವ ಆ್ಯಪನ್ನು ಎಬ್ಬಿಸುವ ಹಳೇ ಬ್ರಾಡ್‌ಕಾಸ್ಟ್ (ಫೋನು ಎಲ್ಲ ಆ್ಯಪ್‌ಗಳಿಗೂ ಸಾರುವ ಸುದ್ದಿ) ದಾರಿಯನ್ನು 2016ರಲ್ಲೇ, ಆಂಡ್ರಾಯ್ಡ್ 7ರಲ್ಲಿ, ಮುಚ್ಚಿದ್ದರು.

ಆಮೇಲೆ ವರ್ಕ್‌ಮ್ಯಾನೇಜರ್‌ಗೆ ಬಂದೆ. ಗೂಗಲ್ 2018ರಲ್ಲಿ ಜೆಟ್‌ಪ್ಯಾಕ್ (ಇಂಥ ಲೈಬ್ರರಿಗಳ ಕಂತೆ) ಜೊತೆ ತೋರಿಸಿದ ಲೈಬ್ರರಿ ಇದು. ‘ನೆಟ್ ಇದ್ದಾಗ ಇದನ್ನು ಕಳಿಸಿಬಿಡಪ್ಪ’ ಅಂತ ಹೇಳಿಟ್ಟರೆ ಸಾಕು. ಆ ಮಾತನ್ನು ಅದು ಫೋನಿನಲ್ಲೇ ತನ್ನ ಡೇಟಾಬೇಸ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ್ಯಪ್ ಮುಚ್ಚಿ, ಫೋನ್ ಆಫ್ ಮಾಡಿ ಆನ್ ಮಾಡಿ, ಮರೆಯುವುದಿಲ್ಲ. ಒಮ್ಮೆ ಬ್ಯಾಟರಿ ಸತ್ತು ರಾತ್ರಿಯೆಲ್ಲ ಆಫ್ ಆಗಿದ್ದ ಫೋನು, ಮರುದಿನ ಚಾರ್ಜಿಗೆ ಹಾಕಿ ಆನ್ ಮಾಡಿದ ಮೇಲೆ ಹಿಂದಿನ ಸಂಜೆಯ ಲೆಕ್ಕವನ್ನು ಯಾರೂ ಕೇಳದೆ ಕಳಿಸಿತು. ಅವತ್ತು ನಾನು ಎರಡು ಕಾಫಿ ಕುಡಿದೆ.

ಹೊತ್ತಿನ ವಿಷಯದಲ್ಲಿ ಮಾತ್ರ ಇದು ತನ್ನಿಷ್ಟದ ಆಳು. ಪದೇ ಪದೇ ಮಾಡುವ ಕೆಲಸಕ್ಕೆ 15 ನಿಮಿಷಕ್ಕಿಂತ ಕಡಿಮೆ ಅಂತರ ಕೊಡುವ ಹಾಗಿಲ್ಲ. 15 ನಿಮಿಷವನ್ನೇ ಕೊಟ್ಟರೂ, ಫೋನ್ ಸುಮ್ನೆ ಮೇಜಿನ ಮೇಲೆ ಬಿದ್ದು ಡೋಜ್‌ಗೆ (ಬ್ಯಾಟರಿ ಉಳಿಸುವ ನಿದ್ದೆಗೆ) ಜಾರಿದ್ದರೆ ಕೆಲಸ ಇನ್ನೂ ಮುಂದಕ್ಕೆ ಹೋಗುತ್ತದೆ. ಒಮ್ಮೆ ಸೋತರೆ 30 ಸೆಕೆಂಡ್ ಬಿಟ್ಟು ಮತ್ತೆ ನೋಡುತ್ತದೆ, ಆಮೇಲೆ 1 ನಿಮಿಷ, 2, 4, ಹೀಗೆ ದುಪ್ಪಟ್ಟಾಗುತ್ತಾ 5 ಗಂಟೆಯವರೆಗೂ ಏರಬಹುದು. ನೆಟ್ ಬಂದು ಹೋಗಿ ಮಾಡುವ ದಿನ ಇದರ ಬಿಸಿ ತಟ್ಟುತ್ತದೆ. ನೆಟ್ ಸರಿಹೋಗಿರುತ್ತದೆ, ವರ್ಕ್‌ಮ್ಯಾನೇಜರ್ ಸಾಹೇಬರು ಇನ್ನೂ ಎಣಿಸುತ್ತಾ ಕೂತಿರುತ್ತಾರೆ. ಅದಕ್ಕೇ ‘ಈಗಲೇ ಕಳಿಸು’ ಬಟನ್ ಇಟ್ಟೆ. ಒತ್ತಿದರೆ ಹಳೇ ಸರದಿ ರದ್ದಾಗಿ ಹೊಸದು ಶುರು.

ಇನ್ನು ನನ್ನದೇ ಪೆದ್ದುತನ. ರಸೀದಿಯ ಫೋಟೋಗಳಿಗೆ ಡಾಟಾ ಜಾಸ್ತಿ ಖರ್ಚಾಗದಿರಲಿ ಅಂತ ‘ಅನ್‌ಮೀಟರ್ಡ್’ ಷರತ್ತು ಹಾಕಿದೆ. ಅಂದರೆ ವೈಫೈ ಇದ್ದಾಗ ಕಳಿಸು ಅಂದಹಾಗೆ. ವಾರ ಕಳೆದರೂ ಒಂದು ಫೋಟೋ ಬರಲಿಲ್ಲ. ಆ ಊರಲ್ಲಿ ವೈಫೈ ಯಾರ ಮನೆಯಲ್ಲಿದೆ ಹೇಳಿ!

ಅದಕ್ಕಿಂತ ದೊಡ್ಡದು ಇನ್ನೊಂದಾಯಿತು. ಒಬ್ಬ ಅಜ್ಜಿಯ ಮೂರೂವರೆ ಲೀಟರ್ ಹಾಲು ಬಿಲ್ಲಿನಲ್ಲಿ ಏಳು ಲೀಟರ್ ಆಗಿತ್ತು. ಲೆಕ್ಕ ಸರ್ವರ್ ಮುಟ್ಟಿದೆ, ‘ಸಿಕ್ಕಿತು’ ಅನ್ನುವ ಉತ್ತರ ವಾಪಸ್ ಬರುವಷ್ಟರಲ್ಲಿ ನೆಟ್ ಹೋಗಿದೆ. ವರ್ಕ್‌ಮ್ಯಾನೇಜರ್ ತನ್ನ ಧರ್ಮದಂತೆ ಮತ್ತೆ ಕಳಿಸಿದೆ. ತಪ್ಪು ಅದರದ್ದಲ್ಲ, ನನ್ನದು. ಈಗ ಪ್ರತಿ ಲೆಕ್ಕಕ್ಕೂ ಫೋನಿನಲ್ಲೇ ಒಂದು ಐಡಿ ಹುಟ್ಟುತ್ತದೆ. ಅದೇ ಐಡಿ ಎರಡನೇ ಸಲ ಬಂದರೆ ಸರ್ವರ್ ‘ಆಯ್ತು, ಇದೆ’ ಅಂದು ಸುಮ್ಮನಾಗುತ್ತದೆ. ಪಾಪ, ಅಜ್ಜಿ ತಾವಾಗಿಯೇ ಬಂದು ‘ಜಾಸ್ತಿ ಬರೆದಿದ್ದೀರಿ’ ಅಂದಿದ್ದರು.

ಅಗ್ಗದ ಫೋನುಗಳದ್ದು ಬೇರೆಯೇ ಕಥೆ. ಒಂದು ಕಂಪನಿಯ ಫೋನಿನಲ್ಲಿ ಆ್ಯಪನ್ನು ಬೆರಳಲ್ಲಿ ಮೇಲಕ್ಕೆ ತಳ್ಳಿದರೆ ಹಿನ್ನೆಲೆ ಕೆಲಸವೂ ಅಲ್ಲೇ ನಿಲ್ಲುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಆಟೋಸ್ಟಾರ್ಟ್ (ಆ್ಯಪ್ ತಾನಾಗಿಯೇ ಏಳಲು ಅನುಮತಿ) ಹುಡುಕಿ ಆನ್ ಮಾಡಲು ಬಸ್ ಹತ್ತಿ ನಾನೇ ಹೋಗಬೇಕಾಯಿತು.

ಇಷ್ಟಾದರೂ ನಾನು 5ಕ್ಕೆ 4 ಕೊಡುತ್ತೇನೆ. ಹಣ ಪಾವತಿ, ಚಾಟ್ ತರಹ ತಕ್ಷಣ ಆಗಬೇಕಾದ ಕೆಲಸ ನಿಮ್ಮದಾದರೆ ಇದನ್ನೇ ನಂಬಿ ಕೂರಬೇಡಿ. ಇವತ್ತಿನೊಳಗೆ ಹೋದರೆ ಸಾಕು, ಕಳೆದುಹೋಗಬಾರದು ಅಷ್ಟೇ ಅನ್ನುವವರು ಕಣ್ಣು ಮುಚ್ಚಿ ಹಾಕಿಕೊಳ್ಳಿ.

ಈಗ ಆ್ಯಪಿನ ತಲೆಯ ಮೇಲೆ ಒಂದು ಹಳದಿ ಪಟ್ಟಿ ಇಟ್ಟಿದ್ದೇನೆ: ‘ಇನ್ನೂ 14 ಲೆಕ್ಕ ಹೋಗಬೇಕು’. ಡೈರಿಯ ಕಾರ್ಯದರ್ಶಿ ಕಡ್ಡಿ ನೋಡುವುದು ಬಿಟ್ಟಿದ್ದಾರೆ. ಪಟ್ಟಿ ಹಸಿರಾದ ಮೇಲೆಯೇ ಬಾಗಿಲು ಹಾಕುತ್ತಾರೆ. ತಿಂಡಿ ಹೊತ್ತಾದರೂ ಹಳದಿಯೇ ಇದ್ದರೆ ನನಗೆ ಫೋನ್ ಬರುತ್ತದೆ, ಅದೂ ಗುಡ್ಡ ಹತ್ತಿ ನಿಂತು.