ಕುರಾರೆ ವೈ-11 ಫೈಬರ್: ಕ್ಯೂಬ್‌ಗೆ ಸೈ, ಎಲ್ಲದಕ್ಕೂ ಅಲ್ಲ

ನ್ಯೂಟ್ರಿನೊ ಡಿಟೆಕ್ಟರಿನ ಕ್ಯಾಲೊರಿಮೀಟರ್ (ಕಣಗಳ ಶಕ್ತಿ ಅಳೆಯುವ ಭಾಗ) ಅಂದಕೂಡಲೇ ಎಲ್ಲರೂ ಅದರ ಒಂದೊಂದು ಸೆಲ್ (ಬಿಡಿ ಘಟಕ) ಎಷ್ಟು ಚಿಕ್ಕದಿರಬೇಕು ಎಂಬ ಚರ್ಚೆಗೆ ಇಳಿಯುತ್ತಾರೆ. ಪ್ರೊಟೊಟೈಪ್‌ಗಳಿಗೆ ಫೈಬರ್ ಪೋಣಿಸುವವನು ನಾನು. ನನಗೆ ಬೆಳಕು ಹೊರಗೆ ಬರುವ ದಾರಿಯದ್ದೇ ಚಿಂತೆ. ಒಂದು ಸೆಂಟಿಮೀಟರ್ ಸಿಂಟಿಲೇಟರ್ (ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್) ಕ್ಯೂಬ್‌ಗಳಿಗೆ ಕುರಾರೆ ಕಂಪನಿಯ ವೈ-11 ಫೈಬರ್‌ಗಿಂತ ಒಳ್ಳೆಯದು ನನ್ನ ಕೈಗೆ ಸಿಕ್ಕಿಲ್ಲ. ಹಾಗಂತ ಸಿಕ್ಕಸಿಕ್ಕಲ್ಲಿ ತುರುಕಬೇಡಿ.

ಸಿಂಟಿಲೇಟರಿನ ನೀಲಿ ಬೆಳಕನ್ನು ನುಂಗಿ ಹಸಿರು ಬೆಳಕು (476 ನ್ಯಾನೊಮೀಟರ್ ಆಸುಪಾಸು) ಕೊಡುವುದು ಇದರ ಕೆಲಸ. ಎರಡು ಪದರ ಕ್ಲ್ಯಾಡಿಂಗ್ (ಬೆಳಕನ್ನು ಒಳಗೇ ಹಿಡಿದಿಡುವ ಹೊರಕವಚ) ಇರುವುದನ್ನೇ ತರಿಸಿ. ಅದರಲ್ಲಿ ಒಂದು ದಿಕ್ಕಿಗೆ 5.4% ಬೆಳಕು ಉಳಿಯುತ್ತದೆ, ಒಂದೇ ಪದರದ್ದರಲ್ಲಿ 3.1%. ಫೋಟಾನ್‌ಗಳನ್ನು ಬಿಡಿಬಿಡಿಯಾಗಿ ಎಣಿಸುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಈ ಫೈಬರಿನ ಮಹತ್ವ ಗೊತ್ತಾಗಬೇಕಾದರೆ ಜಪಾನಿನ ಟಿ2ಕೆ ನ್ಯೂಟ್ರಿನೊ ಪ್ರಯೋಗದ ಸೂಪರ್‌ಎಫ್‌ಜಿಡಿ ಡಿಟೆಕ್ಟರ್ ನೋಡಿ. ಸುಮಾರು 20 ಲಕ್ಷ ಕ್ಯೂಬ್. ಪ್ರತಿಯೊಂದಕ್ಕೂ ಮೂರು ದಿಕ್ಕಿನಲ್ಲಿ ತೂತು, ಒಳಗೆ 1 ಮಿ.ಮೀ. ವೈ-11. ಕ್ಯೂಬಿಗೊಂದು ಬೆಳಕಿನ ಸೆನ್ಸರ್ ಇಟ್ಟಿದ್ದರೆ ಚಾನೆಲ್‌ಗಳೂ (ಸಂಕೇತ ಓದುವ ಲೈನ್‌ಗಳೂ) 20 ಲಕ್ಷವಾಗುತ್ತಿದ್ದವು; ಒಂದು ಸಾಲಿನ ಕ್ಯೂಬ್‌ಗಳಿಗೆಲ್ಲ ಒಂದೇ ಫೈಬರ್ ಆದ್ದರಿಂದ ಸುಮಾರು 56 ಸಾವಿರಕ್ಕೆ ಮುಗಿದಿದೆ. ತೂತಿನ ಅಳತೆ 1.5 ಮಿ.ಮೀ. ಆ ಅರ್ಧ ಮಿಲಿಮೀಟರ್ ಸಡಿಲವನ್ನು ದಂಡ ಅಂದುಕೊಳ್ಳಬೇಡಿ, ಕ್ಯೂಬ್‌ಗಳ ಉದ್ದ ಸಾಲಿನಲ್ಲಿ ಫೈಬರ್ ಸಿಕ್ಕಿಕೊಳ್ಳದೆ ಸಾಗುವುದು ಅದರಿಂದಲೇ.

ತುದಿಯ ಕೆಲಸಕ್ಕೆ ಮಾತ್ರ ತಾಳ್ಮೆ ಬೇಕು. ಬ್ಲೇಡಿನಿಂದ ಕತ್ತರಿಸಿ ಬಿಟ್ಟರೆ ತುದಿ ಮಂಜು ಕವಿದ ಗಾಜಿನಂತಿರುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕ್ಲ್ಯಾಡಿಂಗ್ ಅಂಚು ಎದ್ದು ನಿಂತಿರುವುದು ಕಾಣುತ್ತದೆ. ನುಣುಪಾಗುವ ತನಕ ಪಾಲಿಶ್ ಮಾಡದೆ ಸೆನ್ಸರಿಗೆ ಒತ್ತಬೇಡಿ. ಬಾಗಿಸಿ ಕೂರಿಸುವುದಿದ್ದರೆ ವೈ-11ರಲ್ಲೇ ಎಸ್ ಟೈಪ್ ಕೇಳಿ, ಅದು ಬೇಗ ಬಿರುಕು ಬಿಡುವುದಿಲ್ಲ.

ಕೊರತೆ ಇರುವುದು ವೇಗದಲ್ಲಿ. ನುಂಗಿದ ಬೆಳಕನ್ನು ಬಿಡಲು ಸುಮಾರು 7 ನ್ಯಾನೊಸೆಕೆಂಡ್ ತೆಗೆದುಕೊಳ್ಳುತ್ತದೆ. ಹಾರಾಟದ ಸಮಯದಿಂದ ನ್ಯೂಟ್ರಾನಿನ ಶಕ್ತಿ ಅಳೆಯುವವರಿಗೆ ಇದು ಕಿರಿಕಿರಿ. ಮೂರು ಫೈಬರುಗಳ ಸರಾಸರಿಯಿಂದ ಒಂದಿಷ್ಟು ಸುಧಾರಿಸುತ್ತದೆ ನಿಜ, ಆದರೂ ಅದೇ ಕಂಪನಿಯ ವೈಎಸ್ ಸರಣಿ ಹೆಚ್ಚು ಚುರುಕು.

ಪೈ-ಸೊನ್ನೆ ಕಣ ಒಡೆದಾಗ ಹೊಮ್ಮುವ ಎರಡು ಗಾಮಾ ಕಿರಣಗಳ ದಿಕ್ಕು ಹಿಡಿಯಬೇಕಾದ, ಕ್ಯಾಲೊರಿಮೀಟರಿನ ಮುಂದಿನ ಪದರಗಳಿಗೆ ನಾನು ಫೈಬರ್ ಬಳಸುವುದೇ ಇಲ್ಲ. ಕ್ಯಾಲೊರಿಮೀಟರ್ ರೂಪಿಸುವ ಕ್ಯಾಲಿಸ್ ತಂಡ 2018ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಪ್ರೊಟೊಟೈಪಿನಲ್ಲಿ 3 ಸೆಂ.ಮೀ. ಟೈಲ್‌ಗಳ ಕೆಳಗೇ ಸೆನ್ಸರ್ ಇತ್ತು, ಚಾನೆಲ್ ಸುಮಾರು 22 ಸಾವಿರ. ಖರ್ಚು ಏರುತ್ತದೆ, ಆದ್ದರಿಂದ ಹಿಂದಿನ ಪದರಗಳಿಗೆ ಉದ್ದ ಪಟ್ಟಿ, ಒಳಗೆ ವೈ-11, ಎರಡೂ ತುದಿಗೆ ಸೆನ್ಸರ್.